ಕಾಶಿನಾಥ ಬಜಾರಿಗೆ ಹೋದ

ಉಮಾಶ್ರೀ ಮತ್ತೆ ಅಲ್ಲೇ ನಿಂತಳು.

ನಿಂತಳು ಅಂದರೆ ಪೂರ್ತಿ ನಿಂತಳೆಂದಲ್ಲ. ಒಮ್ಮೆ ಉಗುಳು ನುಂಗಿ, ಬೆರಳನ್ನು ಆ ಪದದಿಂದ ಎತ್ತಿ ಮುಂದಿನದರ ಮೇಲಿಟ್ಟು, ಅಲ್ಲಿಂದ ಸರಾಗವಾಗಿ ಹೊರಟಳು. "ಬೆಳಗ್ಗೆ ಬೇಗಂ ಬಜಾರಿಗೆ ಹೋದರು. ಎರಡು ಅಂಗಡಿಗಳ ಬೆಲೆಯನ್ನು ಹೋಲಿಸಿದರು. ಚೀಲದ ತೂಕ ಎಷ್ಟಿರಬಹುದೆಂದು ಅಂದಾಜು ಮಾಡಿದರು."

ಹಾಳೆಯಲ್ಲಿ ಇದ್ದದ್ದು 'ಕಾಶಿನಾಥ ಬೆಳಗ್ಗೆ ಬೇಗಂ ಬಜಾರಿಗೆ ಹೋದ' ಎಂದು. ತಗಡಿನ ಬಾಗಿಲಿಗೆ ಆತು ನಿಂತಿದ್ದ ಸುಮಂಗಲಾ ಟೀಚರಿಗೆ ಅದನ್ನು ನೋಡಿ ಹೇಳಬೇಕಾಗಿರಲಿಲ್ಲ, ಬರೆದವಳೇ ಅವಳು. ಹುಡುಗಿ ಓದುತ್ತಿದ್ದ ಹಾಗೆ ಇವಳ ತುಟಿಯೂ ಅಲುಗುತ್ತಿತ್ತು. ಕಾಶಿನಾಥ ಎಂಬಲ್ಲಿಗೆ ಬಂದಾಗ ಮಾತ್ರ ಇವಳ ತುಟಿ ಮುಂದೆ ಹೋಗುವುದು, ಹುಡುಗಿಯದು ಮುಚ್ಚಿಕೊಳ್ಳುವುದು. ಎದುರಿಗೆ ಕೂತ ಮಾನಸಾ, ಕೊರಳಲ್ಲಿ ಸ್ಟಾಪ್‌ವಾಚ್ ತೂಗಿಬಿಟ್ಟುಕೊಂಡು, ಪ್ರತಿ ಸಲವೂ ಪೆನ್ಸಿಲ್ಲಿನಿಂದ ಸಣ್ಣಗೆ ಗೀಟು ಹಾಕುತ್ತಿದ್ದಳು. ಬಿಟ್ಟ ಹೆಸರಿಗೊಂದು ಗೀಟು, 'ಹೋದ' ಎಂಬುದನ್ನು 'ಹೋದರು' ಎಂದದ್ದಕ್ಕೆ ಇನ್ನೊಂದು.

"ಆಯ್ತು ಪುಟ್ಟ, ಹೋಗು," ಎಂದಳು ಮಾನಸಾ. ಹುಡುಗಿ ಹೊರಗೆ ಓಡಿದ ಮೇಲೆ ತಲೆಯೆತ್ತಿ, "ಮೇಡಂ, ಇವಳೇ ಅಲ್ವಾ ನೀವು ಹೇಳ್ತಿದ್ದ ಹುಡುಗಿ? ಚೆನ್ನಾಗಿ ಓದ್ತಾಳೆ. ಆದ್ರೆ ಇಷ್ಟು ತಪ್ಪಿದ್ರೆ ಮೂರನೇ ಮಟ್ಟಕ್ಕಿಂತ ಮೇಲೆ ಹಾಕೋಕಾಗಲ್ಲ," ಎಂದಳು. ಅವಳದು ಮೈಸೂರಿನ ಕಡೆಯ ಮೆತ್ತನೆಯ ಮಾತು. ವಾರವಿಡೀ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಶನಿವಾರ ಇಂಥ ಶಾಲೆಗಳಿಗೆ ಬಂದು ಮಕ್ಕಳ ಓದು ಅಳೆದುಕೊಡುವ ಸೇವೆ.

ಮೂರನೇ ಮಟ್ಟ ಸಾಲದು. ಶಾಲೆ ನಡೆಸುವ ಸಂಸ್ಥೆಯವರು, ಐದನೇ ಮಟ್ಟ ಮುಟ್ಟಿದ ಮಕ್ಕಳನ್ನು ಗುಲ್ಬರ್ಗಾದ ಒಂದು ವಸತಿ ಶಾಲೆಗೆ ಸೇರಿಸುತ್ತೇವೆ, ಊಟ ವಸತಿ ಎಲ್ಲ ನಮ್ಮದೇ ಎಂದಿದ್ದರು. ಅಂದಿನಿಂದ ಸುಮಂಗಲಾ ಉಮಾಶ್ರೀಯನ್ನು ಆ ಶಾಲೆಯ ಸಮವಸ್ತ್ರದಲ್ಲಿ ಕನಸಿನಲ್ಲೂ ಕಂಡಿದ್ದಳು. ಬಣ್ಣ ಯಾವುದೆಂದು ಗೊತ್ತಿರಲಿಲ್ಲವಾಗಿ ತಾನೇ ನೀಲಿ ಎಂದು ಇಟ್ಟುಕೊಂಡಿದ್ದಳು.

ಈ ಶಾಲೆ ಅಂದರೆ ತೆಲುಗು ಸೀಮೆಯ ದೊಡ್ಡ ಪಟ್ಟಣದಂಚಿನ ಕೊಂಡಾಪುರದಲ್ಲಿ ಏಳುತ್ತಿದ್ದ ಗಾಜಿನ ಕಟ್ಟಡದ ಬೆನ್ನಿಗೆ, ಕೂಲಿಯವರ ತಗಡಿನ ಶೆಡ್ಡುಗಳ ಸಾಲು ಮುಗಿಯುವಲ್ಲಿ ಇನ್ನೊಂದು ಶೆಡ್ಡು, ಅಷ್ಟೆ. ಯಾದಗಿರಿ, ಸುರಪುರ, ಸಿಂಧನೂರಿನ ಕಡೆಯಿಂದ ಬಂದವರ ಮಕ್ಕಳು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಬೈಯುವುದು ಹಿಂದಿಯಲ್ಲಿ. ಸುಮಂಗಲಾಳ ಗಂಡನಿಗೆ ರಾಮಚಂದ್ರಾಪುರದ ಕಾರ್ಖಾನೆಯಲ್ಲಿ ಕೆಲಸ. ಕ್ವಾರ್ಟರ್ಸಿನಲ್ಲಿ ಒಬ್ಬಳೇ ಕೂತು ಬೇಜಾರೆಂದು ಎರಡು ತಾಸು ಕಲಿಸಿ ಬರಲು ಬಂದವಳು ಅವಳು. ಪಿಯುಸಿ ಬಿಟ್ಟರೆ ಕೈಯಲ್ಲಿ ಬೇರೆ ಕಾಗದವಿಲ್ಲ. ಎರಡು ತಾಸು ಅನ್ನುವುದು ಇಡೀ ದಿನವಾಗಿ ಎಷ್ಟೋ ವರ್ಷವಾಯಿತು.

ಮಕ್ಕಳು ಎಲ್ಲಿ ಎಡವುತ್ತಾರೆಂದು ಅವಳಿಗೆ ತಿಳಿದದ್ದೂ ಒಂದು ತಮಾಷೆಯಿಂದಲೇ. ಪಾಠದಲ್ಲಿ ಮಳೆ, ಎತ್ತು, ಬುತ್ತಿ ಬಂದರೆ ಓದುತ್ತಿದ್ದರು. ಪಾಠದ ಕೆಳಗೆ 'ಹೋಲಿಸಿರಿ' ಎಂದು ಬಂದ ಕೂಡಲೇ ಸಾಯಿಕುಮಾರ ಎಂಬವನು ಎದ್ದು ನಿಂತು, "ಹೊಲಿಗಿ ಹಾಕೂದೇನ್ರಿ ಟೀಚರ್? ಸೂಜಿ ತರಲೇನ್ರಿ?" ಎಂದಿದ್ದ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದ ಮೇಲೆ ಸುಮಂಗಲಾಳಿಗೆ ಹೊಳೆಯಿತು: ಇವರಿಗೆ ಓದು ಬರುವುದಿಲ್ಲ ಅಂತಲ್ಲ. ಹೋಲಿಸು, ಅಂದಾಜು, ಕಾರಣ, ಪರಿಣಾಮ, ವಿವರಿಸು ಇವೆಲ್ಲ ಇವರ ಶೆಡ್ಡಿನೊಳಗೆ ಒಮ್ಮೆಯೂ ಕಾಲಿಟ್ಟಿಲ್ಲ. ಶಾಲೆಯ ಬಾಗಿಲಲ್ಲೇ ಚಪ್ಪಲಿ ಬಿಟ್ಟ ಹಾಗೆ ಬಿಟ್ಟುಹೋಗುವ ಮಾತುಗಳು.

ಆವತ್ತಿನಿಂದ ಅವಳದೊಂದು ಪದ್ಧತಿ. ವಾರಕ್ಕಿಷ್ಟು ಅಂತ ಇಂಥ ಶಾಲೆಯ ಪದ, ಮಕ್ಕಳ ಬಾಯಲ್ಲಿ 'ಸಾಲಿ ಮಾತು', ಕಲಿಸುವುದು. ಅದನ್ನು ಮಕ್ಕಳು ಹೊರಗೆ ಒಯ್ಯಬೇಕು. ಮನೆಯಲ್ಲೋ ನಲ್ಲಿಯ ಹತ್ತಿರವೋ ತಮ್ಮದೇ ಮಾತಿನಲ್ಲಿ ಸೇರಿಸಿ ಆಡಬೇಕು. ಆಡಿದವರಿಗೆ ಮುಂಗೈ ಮೇಲೆ ಕೆಂಪು ಪೆನ್ನಿನಿಂದ ಒಂದು ರೈಟು. ಸಾಯಿಕುಮಾರ ಸೀದಾ ಹೋಗಿ ಮೇಸ್ತ್ರಿಗೆ "ನಿಮ್ಮ ಅಂದಾಜು ತಪ್ಪೈತ್ರಿ" ಅಂದು, ಕಿವಿ ಹಿಂಡಿಸಿಕೊಂಡು, ಕೆಂಪು ಕಿವಿಯ ಜೊತೆಗೇ ಬಂದು ಕೈ ಚಾಚಿದ. ಉಮಾಶ್ರೀಯೋ, ಅವ್ವನಿಗೇ ಪಾಠ ಹೇಳಿ ಬಂದಿದ್ದಳು. "ಯವ್ವಾ, ನಿನ್ನಿ ಸಾರಿಗೆ ಹೋಲಿಸಿದ್ರ ಇವತ್ತಿಂದು ಬರೇ ನೀರ ಐತಿ. ಕಾರಣ ಕೊಡು, ಅಂದೆನ್ರಿ ಟೀಚರ್. ಸೌಟು ಒಗದ್ಲು. ಎರಡು ರೈಟು ಹಾಕ್ರಿ, ಎರಡು ಮಾತು ಆಡೀನಿ."

ಓದುವ ಹಾಳೆಗಳನ್ನೂ ಸುಮಂಗಲಾ ತಾನೇ ಬರೆದಳು. ಗೊತ್ತಿಲ್ಲದ ಪದ, ಗೊತ್ತಿರುವ ಮನುಷ್ಯರ ಕೈ ಹಿಡಿದು ಬರಲಿ ಎಂದು ಮಕ್ಕಳಿಂದಲೇ ಹೆಸರು ಕೇಳಿದಳು. ಆಗ ಬೆಂಚು ಹತ್ತಿ ನಿಂತು ಕೂಗಿದವಳು ಉಮಾಶ್ರೀಯೇ. "ನಮ್ಮ ಕಾಶಿನಾಥ ಮಾಮನ ಹೆಸರು ಹಾಕ್ರಿ ಟೀಚರ್! ನಮ್ಮವ್ವನ ತಮ್ಮ. ಶಂಶಾಬಾದಿನ್ಯಾಗ ಇಮಾನ ಇಳ್ಯೂ ಜಾಗಾ ಕಟ್ಟಾಕತ್ತಾನ. ಬರೂಮುಂದ ನನಗ ಪೇಡೆ ತರ್ತಾನ." ಹೀಗೆ ಕಾಶಿನಾಥ ಎಲ್ಲ ಹಾಳೆಗಳ ನಾಯಕನಾದ. ಕಾಶಿನಾಥ ಬಜಾರಿಗೆ ಹೋದ. ಕಾಶಿನಾಥ ಗೋಡೆಯ ಎತ್ತರ ಅಳೆದ. ಕಾಶಿನಾಥ ಬಾವಿ ಬತ್ತಿದ ಕಾರಣ ಹುಡುಕಿದ. ಕನ್ನಡದಲ್ಲಿ ಪರೀಕ್ಷೆಗೆ ಬೇರೆ ಹಾಳೆ ಇಲ್ಲ, ಮಕ್ಕಳು ನೋಡದ ಒಂದಷ್ಟನ್ನು ನೀವೇ ಬರೆದುಕೊಡಿ ಎಂದು ಸಂಸ್ಥೆಯವರು ಕೇಳಿದಾಗಲೂ ಅವಳ ಪೆನ್ನು ಅಭ್ಯಾಸಬಲದಿಂದ ಕಾಶಿನಾಥನನ್ನೇ ಕರೆದುಕೊಂಡು ಬಂದಿತ್ತು.

ಈಗ ಅದೇ ಹೆಸರಿನ ಮುಂದೆ ಹುಡುಗಿ ಬಾಯಿ ಮುಚ್ಚಿದ್ದಾಳೆ.

ಮಾನಸಾ ಫೋನಿನಲ್ಲಿ ಮಾತಾಡುತ್ತ ಆಚೆ ಹೋದಾಗ ಸುಮಂಗಲಾ ಉಮಾಶ್ರೀಯನ್ನು ಹಿಡಿದು ನಿಲ್ಲಿಸಿದಳು. ಸಿಟ್ಟು ಬಂದಿತ್ತು. ಹೆತ್ತ ತಾಯಿಗೆ ಬರುವಂಥದು.

"ಯಾಕವಾ, ಏನಾಗೇತಿ ನಿನಗ? ನಿನ್ನ ಮಾಮನ ಹೆಸರು ನಿನಗ ಓದಾಕ ಬರಂಗಿಲ್ಲೇನು?"

ಹುಡುಗಿ ಕಾಲ್ಬೆರಳಿನಿಂದ ನೆಲದ ಮರಳು ಕೆದರಿದಳು.

"ಕಾ ಅನ್ನು. ಶಿ ಅನ್ನು. ಬಾಯಿ ಬಿಡು."

ಪಕ್ಕದಲ್ಲಿದ್ದ ವನಜಾ, ಉಮಾಶ್ರೀಯ ಜೊತೆಗಾತಿ, ಸೆರಗಿಲ್ಲದಿದ್ದರೂ ಸೆರಗು ಬಾಯಿಗಿಟ್ಟವಳಂತೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು. "ಟೀಚರ್, ಗಂಡನ ಹೆಸರು ಆಕಿ ಹೆಂಗ ಹೇಳ್ತಾಳ್ರಿ?"

ಉಳಿದ ಹುಡುಗಿಯರೂ ನಕ್ಕರು. ಕೆಟ್ಟ ನಗೆಯಲ್ಲ, ಮದುವೆಮನೆಯ ನಗೆ. ಉಮಾಶ್ರೀಯ ಕಿವಿಯವರೆಗೂ ಕೆಂಪೇರಿತು. ಹನ್ನೊಂದು ತುಂಬದ ಮುಖ.

ಸುಮಂಗಲಾಳ ಕೈ ತಾನಾಗಿ ಸಡಿಲಿತು. ಉಮಾಶ್ರೀಯ ಮನೆಯವರು ದಸರಾಕ್ಕೆ ಊರಿಗೆ ಹೋದವರು, ಅಜ್ಜಿಗೆ ಆರಾಮಿಲ್ಲವೆಂದು ದೀಪಾವಳಿ ಮುಗಿಸಿಯೇ ಬಂದಿದ್ದರು. ಬಂದ ದಿನ ಹುಡುಗಿಯ ಕೈತುಂಬ ಹಸಿರು ಬಳೆ. "ಎಷ್ಟ ಚಂದ ಅದಾವ ಬಳಿ!" ಎಂದು ಸುಮಂಗಲಾ ತಾನೇ ಹಿಡಿದು ನೋಡಿದ್ದಳು. ಆಮೇಲೆ ಓದಿಸಿದ್ದೆಲ್ಲ ಗುಂಪಿನಲ್ಲಿ. ಅಷ್ಟು ದನಿಗಳಲ್ಲಿ ಒಂದು ದನಿ ಒಂದು ಪದಕ್ಕೆ ಸುಮ್ಮನಾದದ್ದು ಯಾರಿಗೆ ಕೇಳಬೇಕು?

"ಉಮಾ," ಎಂದಳು ಮೆಲ್ಲಗೆ, "ಇದು ಹಾಳಿ ಮ್ಯಾಲಿನ ಕಾಶಿನಾಥ. ಬ್ಯಾರೆ ಮನಶ್ಯಾ. ಹೇಳಿದ್ರ ಏನೂ ಆಗಂಗಿಲ್ಲ."

ಹುಡುಗಿ ತಲೆಯೆತ್ತಿದಳು. ಜಗಳಕ್ಕಲ್ಲ, ತಿಳಿಯಬೇಕೆಂದೇ ಕೇಳಿದಳು. "ನೀವು ನಿಮ್ಮವರ ಹೆಸರು ಹೇಳ್ತೀರೇನ್ರಿ, ಟೀಚರ್?"

ಸುಮಂಗಲಾ ಬಾಯಿ ತೆರೆದಳು. ಮದುವೆಯಾದಾಗಿನಿಂದ ಅವಳು 'ನಮ್ಮನಿಯವ್ರು' ಎಂದವಳು. ಗ್ಯಾಸ್ ಬುಕ್ ಮಾಡುವಾಗ, ಆಸ್ಪತ್ರೆಯ ಕಿಟಕಿಯಲ್ಲಿ, ಹೆಸರು ಕೇಳಿದರೆ ಕಾರ್ಡು ಮುಂದೆ ಚಾಚಿ ಬೆರಳು ತೋರಿಸಿದವಳು.

"ಬರೀತೀನಿ," ಎಂದಳು ಕೊನೆಗೆ.

"ಬರಿಯಾಕ ನಾನೂ ಬರೀತೀನ್ರಿ. ಬೇಕಾದಷ್ಟು ಸಲ ಬರೀತೀನಿ. ಬರದು ತೋರಿಸಲ್ಯಾ?"

ಮಾನಸಾ ಮರಳಿ ಬಂದಾಗ ಸುಮಂಗಲಾ ಅರ್ಧ ಸತ್ಯ ಹೇಳಿದಳು. "ಅದು ಅವರ ಮನಿಯಾಗಿನ ಹಿರೇರ ಹೆಸರು ಆಗೇತಿ ನೋಡ್ರಿ. ನಮ್ಮ ಕಡೆ ಹೇಳಂಗಿಲ್ಲ. ಬ್ಯಾರೆ ಹೆಸರು ಹಾಕಿ ಕೊಡ್ತೀನಿ, ಇನ್ನೊಮ್ಮೆ ಓದಸ್ರಿ." ಉಳಿದರ್ಧ ಹೇಳಿದರೆ ಈ ಮಾನಸಾ ಏನು ಮಾಡುತ್ತಾಳೋ, ಯಾರಿಗೆ ಫೋನು ಹಚ್ಚುತ್ತಾಳೋ ಎಂಬ ಭಯ. ಹೇಳದಿದ್ದರೆ? ಆ ಪ್ರಶ್ನೆಯನ್ನು ಅವಳು ಸಂಜೆಗೆ ಮುಂದೂಡಿದಳು.

"ಅಯ್ಯೋ, ಅಷ್ಟೇನಾ? ಕೊಡಿ ಮೇಡಂ," ಎಂದಳು ಮಾನಸಾ. ಒಳ್ಳೆಯ ಹುಡುಗಿ.

ಅಲ್ಲೇ ಕೂತು ಬೇರೆ ಕತೆ ಬರೆದಳು ಸುಮಂಗಲಾ. ರಾಮದಾಸನೆಂಬವನು ಸೇತುವೆ ಕುಸಿದ ಕಾರಣವನ್ನು ವಿವರಿಸುವ ಕತೆ. ಕಷ್ಟದ ಪದಗಳನ್ನು ಬೇಕೆಂದೇ ಜಾಸ್ತಿ ತುರುಕಿದಳು. ಉಮಾಶ್ರೀ ಬಂದಳು, ಕೂತಳು, ಓದಿದಳು. ಎಲ್ಲಿಯೂ ಉಗುಳು ನುಂಗಲಿಲ್ಲ. 'ಪರಿಣಾಮವಾಗಿ' ಎಂಬಲ್ಲಿ ಸ್ವಲ್ಪ ಎಳೆದು, ಮುಂದೇನೋ ಬರಲಿದೆ ಎಂಬಂತೆ ದನಿಯೆತ್ತಿ, ಅರ್ಥ ತಿಳಿದು ಓದುವವರು ಓದುವ ಹಾಗೆ ಓದಿದಳು. ಮಾನಸಾ ಸ್ಟಾಪ್‌ವಾಚ್ ಒತ್ತಿ ನಗುತ್ತ ಕೈ ಕುಲುಕಿದಳು. "ಐದು, ಮೇಡಂ! ಆರಾಮಾಗಿ ಐದು. ಅಪ್ಪ ಅಮ್ಮನ ಒಪ್ಪಿಗೆ ತಗೊಂಡುಬಿಡಿ."

ಸಂಜೆ, ಕೆಲಸ ಬಿಟ್ಟ ಹೊತ್ತಿಗೆ ಸುಮಂಗಲಾ ಶೆಡ್ಡಿನ ಸಾಲಿಗೆ ಹೋದಳು. ನಲ್ಲಿಯ ಸುತ್ತ ಕೊಡಗಳ ಸಾಲು. ಸಿಮೆಂಟು ಮೆತ್ತಿದ ಕಾಲುಗಳನ್ನು ಕಲ್ಲಿಗೆ ತಿಕ್ಕುತ್ತಿದ್ದ ಹೆಂಗಸರು. ಆಚೆ ಗಾಜಿನ ಕಟ್ಟಡಕ್ಕೆ ಸಂಜೆಯ ಬಿಸಿಲು ಬಿದ್ದು ಇಡೀ ಓಣಿ ಹಳದಿಯಾಗಿತ್ತು. ಉಮಾಶ್ರೀಯ ತಾಯಿ ಸಾಬಮ್ಮ ಒಲೆಯ ಮುಂದಿನಿಂದ ಎದ್ದು, ಕೈ ಒರೆಸಿಕೊಂಡು, ಸಿಮೆಂಟು ಚೀಲ ಕೊಡವಿ ಹಾಸಿದಳು. "ಬರ್ರಿ ಅಕ್ಕಾರ, ಕುಂಡರ್ರಿ. ಚಾ ಕುಡದ ಹೋಗಬೇಕು ಮತ್ತ."

"ಸಾಬಮ್ಮ, ನಿನ್ನ ಮಗಳು ಗೆದ್ದಾಳ," ಎಂದು ಸುಮಂಗಲಾ ಉಸಿರು ಬಿಡದೆ ಎಲ್ಲ ಹೇಳಿದಳು. ವಸತಿ ಶಾಲೆ, ಊಟ, ಪುಸ್ತಕ, ಹತ್ತನೆಯ ತರಗತಿಯವರೆಗೆ.

ಸಾಬಮ್ಮನ ಮುಖ ಅರಳಿತು. ಅದು ಸುಳ್ಳಲ್ಲ. "ಹೌದೇನ್ರಿ! ಕುಂತಲ್ಲಿ ನಿಂತಲ್ಲಿ ಓದ್ತಾಳ್ರಿ ಅದು. ಸಿಮೆಂಟ್ ಚೀಲದ ಮ್ಯಾಲಿಂದೂ ಬಿಡಂಗಿಲ್ಲ." ಆಮೇಲೆ ಒಲೆಯ ಕಡೆ ತಿರುಗಿ ಕಡ್ಡಿ ಸರಿಸಿದಳು. "ಆದ್ರ ಹೆಂಗ ಕಳಿಸಾದ್ರಿ ಅಕ್ಕಾರ? ಆಕಿ ಈಗ ನಮ್ಮ ಕೈಯಾಗ ಇಲ್ಲ. ಅವರ ಮನಿ ಹುಡುಗಿ."

"ಅವರ ಮನಿ ಅಂದ್ರ ಯಾರ ಮನಿ? ನಿನ್ನ ತವರುಮನಿನ ಅಲ್ಲೇನು?"

"ಹೌದ್ರಿ. ನಮ್ಮವ್ವ ನೆಲಾ ಹಿಡದಾಳ. ಕಣ್ಣ ಮುಚ್ಚೂದರಾಗ ಎರಡು ಅಕ್ಕಿಕಾಳು ಬೀಳಲಿ ಅಂದ್ಲು. ಉಗಾದಿ ಆದಮ್ಯಾಗ ಕರಕೊಂಡು ಹೋಗ್ತಾರ. ಮುದುಕಿಗೆ ನೀರು ನಿಡಿ ನೋಡಾಕ ಒಬ್ರು ಬೇಕಲ್ರಿ."

"ಅದು ಇನ್ನಾ ಕೂಸು, ಸಾಬಮ್ಮ."

"ಕೂಸ ಐತ್ರಿ. ನಾ ಇಲ್ಲಂದ್ನ್ಯಾ?" ಸಾಬಮ್ಮನ ದನಿ ಏರಲಿಲ್ಲ. "ನಾವು ಮುಂಜಾನೆ ಮ್ಯಾಲ ಹತ್ತಿದ್ರ ಕೆಳಗ ಇಳಿಯೂದು ದೀಪಾ ಹಚ್ಚೂ ಹೊತ್ತಿಗೆ. ನಿಮ್ಮ ಸಾಲಿ ಮೂರಕ್ಕ ಬಿಡ್ತೈತಿ. ಹ್ವಾದ ವರ್ಷ ಆ ಸಾಲಿನ ಶೆಡ್ಡಿನ ಹುಡುಗಿಗೆ ಏನಾತು, ನಿಮಗೂ ಗೊತ್ತೈತಿ. ಯಾರ ಏನ ಮಾಡಿದ್ರು? ಆ ಹುಡುಗಿ ಮನಿಯವರೇ ಗಂಟು ಕಟಿಗೊಂಡು ಹ್ವಾದ್ರು. ಕೊಳ್ಳಾಗ ಒಂದು ಕರಿಮಣಿ ಇದ್ರ ಸೂಪರ್‌ವೈಜರನ ಕಣ್ಣು ಸ್ವಲ್ಪರ ಕೆಳಗ ಇಳೀತಾವ್ರಿ. ನನ್ನ ತಮ್ಮ ಕೆಟ್ಟಾಂವಲ್ಲ. ಕುಡ್ಯಂಗಿಲ್ಲ. ಆಕಿ ದೊಡ್ಡಾಕಿ ಆಗೂತನ ಬ್ಯಾರೇನ ಇರ್ತಾನ, ಆಣಿ ಮಾಡ್ಯಾನ."

"ಅದಕ್ಕ ಹಾಸ್ಟೆಲ್ ಅನ್ನೂದು. ಅಲ್ಲಿ ಗೋಡಿ ಐತಿ, ಕಾವಲಗಾರ ಅದಾನ—"

"ಆ ಕಾವಲಗಾರನ ನಾ ನೋಡಿಲ್ರಿ. ನನ್ನ ತಮ್ಮನ ನೋಡೀನಿ."

ಬೇಡ ಬೇಡವೆಂದರೂ ಕೊನೆಯದೊಂದು ಮಾತು ಸುಮಂಗಲಾಳ ಬಾಯಿಗೆ ಬಂತು. "ಇದು ಕಾಯ್ದೆಕ್ಕ ವಿರುದ್ಧ ಐತಿ, ಸಾಬಮ್ಮ. ಯಾರಿಗರ ಗೊತ್ತಾದ್ರ?"

ಸಾಬಮ್ಮ ಚಹದ ಲೋಟ ಅವಳ ಮುಂದಿಟ್ಟಳು. "ನೀವು ಹೇಳಿದ್ರ ಗೊತ್ತಾಕ್ಕತಿ. ಹೇಳ್ರಿ, ತಪ್ಪ ತಿಳಿಯಂಗಿಲ್ಲ. ನಾಳೆ ನಾವು ಇಲ್ಲಿರಂಗಿಲ್ಲ, ಶಂಶಾಬಾದಿನ್ಯಾಗ ಇರ್ತೀವಿ. ಅಲ್ಲೂ ಕೆಲಸ ಐತಿ. ಸಾಲಿ ಒಂದು ಇಲ್ಲ, ಅಷ್ಟ." ಲೋಟವನ್ನು ಇನ್ನಷ್ಟು ಮುಂದೆ ಸರಿಸಿ, "ಉಗಾದಿತನಕಾದ್ರೂ ಓದ್ಲಿ ಅಂತ ಇಟಗೊಂಡೀನ್ರಿ," ಎಂದಳು.

ಹೊರಗೆ ಉಮಾಶ್ರೀಯ ಅಪ್ಪ ಹುಸೇನಪ್ಪ ಬಂದು ಬಾಗಿಲಲ್ಲಿ ನಿಂತು, ಟೀಚರನ್ನು ಕಂಡು ಹಾಗೇ ಹಿಂದೆ ಸರಿದು ಬೀಡಿ ಹಚ್ಚಿದ. "ಇವರ್ನ ಕೇಳ್ರಿ ಬೇಕಾದ್ರ," ಎಂದಳು ಸಾಬಮ್ಮ. ಅವನು ಕೇಳಿಸದವನ ಹಾಗೆ ಗಾಜಿನ ಕಟ್ಟಡ ನೋಡುತ್ತಿದ್ದ. ಚಹಾ ಸಿಹಿಯಾಗಿತ್ತು. ಸುಮಂಗಲಾ ಅದನ್ನು ಕುಡಿದಳು.

ಟೀಚರು ಬಂದಿದ್ದಾರೆಂಬ ಸುದ್ದಿ ಅಷ್ಟು ಹೊತ್ತಿಗೆ ಸಾಲಿನ ತುಂಬ ಹೋಗಿತ್ತು. ಅಕ್ಕಪಕ್ಕದ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ಕೂತರು. ಅವರಲ್ಲಿ ಹಿರಿಯಳಾದ ಗಂಗಾಬಾಯಿ ಎಲೆ ಅಡಿಕೆ ಮೆಲ್ಲುತ್ತ, "ಟೀಚರಮ್ಮಾರು ಬರೂದ ಅಪರೂಪ. ಬಂದಾರ, ಒಂದು ಒಡಪು ಹೇಳಸ್ರಿ ಅವರ ಕಡಿಂದ," ಎಂದಳು. ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಒಡಪೆಂದು ಪ್ರಾಸ ಕಟ್ಟಿ ಅದರೊಳಗೆ ಅಡಗಿಸಿ ಹೇಳಿದರೆ ತಪ್ಪಿಲ್ಲ, ಹಬ್ಬ. ಸುಮಂಗಲಾ ಬೇಡವೆಂದಳು. "ಓದಿದಾಕಿ, ನಮ್ಮಂಥೋರ ಮುಂದ ಯಾಕ ಹೇಳ್ತಾಳ ಬಿಡು," ಎಂದು ಯಾರೋ ಚುಚ್ಚಿದರು. ಆ ಮಾತು ತಾಗಿತೋ, ಅಥವಾ ಅಷ್ಟು ವರ್ಷದ ರೂಢಿಯೋ, ಒಡಪು ತಾನಾಗಿ ನಾಲಿಗೆಗೆ ಬಂತು.

"ಅಂಗಳದಾಗ ಹಾಕೀನಿ ಎಳಿ ಎಳಿ ರಂಗೋಲಿ, ಬಸವಲಿಂಗಪ್ಪನವ್ರು ಬಂದ್ರ ಬಸ್ಸಿನ್ಯಾಗ ಬರೇ ಜೋಲಿ."

ಹೆಂಗಸರು ತೊಡೆ ತಟ್ಟಿಕೊಂಡು ನಕ್ಕರು. ಕಾರ್ಖಾನೆಯ ಬಸ್ಸಿನಲ್ಲಿ ತೂಕಡಿಸುವ ಗಂಡ ಅವರಿಗೆ ಬಹಳ ಹಿಡಿಸಿದ. ಸುಮಂಗಲಾಳ ಬೆನ್ನ ಹಿಂದಿನಿಂದಲೂ ಒಂದು ನಗೆ ಕೇಳಿತು. ಉಮಾಶ್ರೀ ಯಾವಾಗಲೋ ನೀರಿನ ಕೊಡ ಇಳಿಸಿ ಬಂದು ಅಲ್ಲಿ ನಿಂತಿದ್ದಳು.

"ಈಗ ನೀ ಹೇಳವಾ ಹೊಸಾ ಮದಲಗಿತ್ತಿ," ಎಂದಳು ಗಂಗಾಬಾಯಿ. "ಊರಾಗ ಹೇಳು ಅಂದ್ರ ಅತಗೋತ ಕುಂತಿದ್ದೆಂತ. ಟೀಚರ ಮುಂದರ ಹೇಳ್ತೀಯಿಲ್ಲೋ?"

"ಬ್ಯಾಡ್ರಿ, ಆಕಿಗೆ ಬರಂಗಿಲ್ಲ," ಎಂದಳು ಸುಮಂಗಲಾ ಗಡಬಡಿಸಿ.

"ಬರ್ತೈತ್ರಿ ಟೀಚರ್," ಎಂದಳು ಉಮಾಶ್ರೀ. "ನಾನ ಕಟ್ಟೀನಿ."

ತರಗತಿಯಲ್ಲಿ ಪದ್ಯ ಹೇಳುವಾಗ ನಿಲ್ಲುವ ಹಾಗೆಯೇ ಕೈ ಹಿಂದೆ ಕಟ್ಟಿ, ಹಿಮ್ಮಡಿ ಜೋಡಿಸಿ ನಿಂತಳು. ಫ್ರಾಕಿನ ಕೊರಳಿನೊಳಗೆ ಕರಿಮಣಿಯ ಸಣ್ಣ ಎಳೆಯಿತ್ತು. ಅದನ್ನು ಸುಮಂಗಲಾ ಇಷ್ಟು ದಿನ ದೃಷ್ಟಿಯ ದಾರ ಎಂದುಕೊಂಡಿದ್ದಳು.

"ಸೂರ್ಯಗ ಹೋಲಿಸಿದೆ, ಚಂದ್ರಗ ಹೋಲಿಸಿದೆ, ಅಂದಾಜು ಹತ್ತಲಿಲ್ಲ, ಕಾರಣ ಕೇಳಿದ್ರ ಕಾಶಿನಾಥನ ಬಿಟ್ಟು ನನಗ ಬ್ಯಾರೆ ಗೊತ್ತಿಲ್ಲ."

ಓಹೋ ಎಂದು ಕೂಗಿತು ಬಾಗಿಲು. "ಏನಿವು ಮಾತು! ಪುಸ್ತಕದಾಗಿನವು!" ಎಂದು ಗಂಗಾಬಾಯಿ ಹುಡುಗಿಯ ಗಲ್ಲ ಹಿಂಡಿ ನೆಟಿಗೆ ಮುರಿದಳು. ಸಾಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಲೆಯಲ್ಲಿ ಹೊಗೆಯೂ ಇತ್ತು. ಹೊರಗೆ ಹುಸೇನಪ್ಪನ ಬೀಡಿಯ ಕಿಡಿ ಒಮ್ಮೆ ಉರಿದು ಮಂಕಾಯಿತು.

ಉಮಾಶ್ರೀ ಯಾರ ಕಡೆಯೂ ನೋಡಲಿಲ್ಲ. ಸುಮಂಗಲಾಳ ಮುಂದೆ ಮಂಡಿಯೂರಿ ಕೂತು, ಮೂರು ಬೆರಳು ತೋರಿಸಿದಳು.

"ಮೂರು ಆದವ್ರಿ ಟೀಚರ್. ಹೋಲಿಸು, ಅಂದಾಜು, ಕಾರಣ. ಸಾಲಿ ಹೊರಗ ಆಡೀನಿ."

ಮುಂಗೈ ಚಾಚಿದಳು. ಹಸಿರು ಬಳೆಗಳು ಜಾರಿ ಮೊಣಕೈ ಕಡೆಗೆ ಹೋದವು. ಸುಮಂಗಲಾ ಚೀಲದೊಳಗೆ ಕೈ ಹಾಕಿ ಕೆಂಪು ಪೆನ್ನಿಗಾಗಿ ತಡಕಾಡಿದಳು. ಒಪ್ಪಿಗೆಯ ಕಾಗದ, ಬಸ್ಸಿನ ಪಾಸು, ಸೀಮೆಸುಣ್ಣದ ಕಡ್ಡಿ ಕೈಗೆ ಬಂದವು. ಪೆನ್ನು ಸಿಕ್ಕಿದಾಗ ಅದರ ಮಸಿ ಗಟ್ಟಿಯಾಗಿತ್ತು. ತುದಿಯನ್ನು ಬಾಯಿಯ ಹತ್ತಿರ ಹಿಡಿದು ಎರಡು ಸಲ ಊದಿ, ಹುಡುಗಿಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಮೊದಲನೆಯ ರೈಟು ಹಾಕಿದಳು. ಅದು ಸರಿಯಾಗಿ ಮೂಡಲಿಲ್ಲ. ಅದರ ಮೇಲೆಯೇ ಇನ್ನೊಮ್ಮೆ ತಿದ್ದಿದಳು.

"ಇನ್ನೂ ಎರಡು," ಎಂದಳು ಉಮಾಶ್ರೀ.